‘ಮಡಿಕಾಯ್ಚಲು’: ಒಂದು ಮಾತಿನ ಸಾಕ್ಷಿಗಾಗಿ

ಮನ್ನಾರು ಕೊಲ್ಲಿಯ ದಡದಲ್ಲಿ ಇನ್ನೂ ಬೆಳಕು ಹರಿದಿಲ್ಲ. ದಡದಿಂದಲೇ ಎಳೆಯುವ ರಂಪಣಿ ಬಲೆಯ ಹಗ್ಗಕ್ಕೆ ಜನ ಎರಡು ಸಾಲಾಗಿ ಕೈಹಚ್ಚಿದ್ದಾರೆ. ಎಡಸಾಲಿನ ತುದಿಯಲ್ಲಿ ಸೀರೆ ಎತ್ತಿಕಟ್ಟಿ ಎಳೆಯುತ್ತಿರುವವರು ಅಮಲೋರ್ಪವಂ. ಮೀನಿನಲ್ಲಿ ಅವರಿಗೆ ಪಾಲಿಲ್ಲ. ತಮಿಳು ಆಡುನುಡಿಯ ನಿಘಂಟಿಗೆ ಪದಗಳ ಅರ್ಥ ಪರೀಕ್ಷಿಸುವುದು ಅವರ ಕೆಲಸ.

“ಏನಕ್ಕಾ, ಹಗ್ಗ ಎಳೀತಿದ್ದೀಯೋ, ಹಿಡ್ಕೊಂಡು ನಿದ್ದೆ ಮಾಡ್ತಿದ್ದೀಯೋ?” ಪಕ್ಕದ ಜೆಸಿಂತಾ ಕೆಣಕುತ್ತಾಳೆ.

“ನೀ ಮಾತಾಡ್ತಾ ಇರು ತಾಯಿ. ನನ್ನ ಅನ್ನ ಇರೋದೇ ಅದ್ರಲ್ಲಿ.”

ಅವರು ಕಾದಿರುವುದು ‘ಮಡಿಕಾಯ್ಚಲು’ ಎಂಬ ಮಾತಿಗೆ. ಮಡಿ ಎಂದರೆ ಮೀನು ಬಂದು ಸೇರುವ ಬಲೆಯ ಚೀಲ. ಕಾಯ್ಚಲು ಎಂದರೆ ಒಣಗುವುದು. ‘ಬಲೆಯನ್ನು ಬಿಸಿಲಿಗೆ ಹಾಕುವುದು’ ಎಂದು ನಿಘಂಟಿನ ಕರಡಿನಲ್ಲಿ ಅರ್ಥ ಬಿದ್ದಿದೆ. ಅಮಲೋರ್ಪವಂ ಅವರ ತಾಯಿ ಆ ಅರ್ಥದಲ್ಲಿ ಅದನ್ನು ಎಂದೂ ಆಡಿದವರಲ್ಲ. ಬಲೆ ಬರಿದಾಗಿ ಬಂದ ದಿನ, ಒಲೆ ಹಚ್ಚದೆ ಕುಳಿತು ಆಡುತ್ತಿದ್ದ ಮಾತದು. ಆದರೆ ಪರೀಕ್ಷಕರ ಮನೆಯವರ ಸಾಕ್ಷಿ ನಿಘಂಟಿಗೆ ನಡೆಯುವುದಿಲ್ಲ. ಬೇರೆ ಊರಿನವರು, ಕೇಳದೆ, ತಾವಾಗಿಯೇ ಆಡಬೇಕು. ಈ ವಾರ ಸಿಗದಿದ್ದರೆ ತಪ್ಪು ಅರ್ಥವೇ ಅಚ್ಚಿಗೆ ಹೋಗುತ್ತದೆ. ತಾಯಿಯ ಮಾತು ತಾಯಿಯ ಹಿಂದೆಯೇ ಮಣ್ಣು ಸೇರುತ್ತದೆ.

“ಹೀಗಂತೀರಾ ಅಂತ ಬಾಯಿಬಿಟ್ಟು ಕೇಳಿದ್ರೆ ಕೆಲಸ ಕೆಡ್ತು. ಬಂದವಳ ಮನಸ್ಸು ಯಾಕೆ ನೋಯಿಸ್ಬೇಕು ಅಂತ ‘ಹೂಂ’ ಅಂದ್ಬಿಡ್ತಾರೆ,” ಎನ್ನುತ್ತಾರೆ ಅಮಲೋರ್ಪವಂ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇರೊಂದು ಕೇರಿಯಲ್ಲಿ, ದೋಣಿ ಇಳಿಸುವ ಹೊತ್ತಿಗೇ ಈ ಮಾತು ಎತ್ತಿದ್ದರು. ಅಲ್ಲಿಯವರು ಅಂದು ಕಡಲಿಗೇ ಇಳಿಯಲಿಲ್ಲ. ಬಲೆ ಬೀಸುವ ಮುನ್ನ ಆಡಬಾರದ ಮಾತಂತೆ. “ಹಿಡಿಶಾಪ ಹಾಕಿದ್ರು. ಅರ್ಥ ಮಾತ್ರ ಹೇಳ್ಲಿಲ್ಲ. ಸಿಟ್ಟನ್ನ ಸಾಕ್ಷಿ ಅಂತ ಬರೆಯೋಕಾಗುತ್ತಾ?”

ಹೊತ್ತು ಮೂಡುತ್ತಿದ್ದಂತೆ ಮಡಿ ದಡಕ್ಕೆ ಬರುತ್ತದೆ. ನೀರು ಸೋರುತ್ತಿದೆ. ಒಳಗೆ ಪಾಚಿ, ನಾಲ್ಕಾರು ಏಡಿಮರಿ. ಅಮಲೋರ್ಪವಂ ಹಗ್ಗ ಬಿಡದೆ ಕಿವಿಗೊಟ್ಟು ನಿಂತಿದ್ದಾರೆ. ಬಲೆಯ ಯಜಮಾನ, ಮುದುಕ ಸೂಸೈ, ತಲೆಯ ಟವೆಲ್ಲು ಬಿಚ್ಚಿ ಕೊಡವುತ್ತಾನೆ.

“ಮಡಿಕಾಯ್ಚಲು ಕಣ್ರಪ್ಪಾ. ನಡೀರಿ.”

“ಮಕ್ಕಳಿಗೆ ಏನು ಬೇಯಿಸ್ಲಿ ತಾತಾ? ಈ ಪಾಚೀನಾ?” ಜೆಸಿಂತಾಳ ದನಿಯಲ್ಲಿ ಈಗ ಕುಚೋದ್ಯವಿಲ್ಲ.

ಕಾದಿದ್ದ ಸಾಕ್ಷಿ ಸಿಕ್ಕಿದೆ. ಅಮಲೋರ್ಪವಂ ಪೆನ್ನು ತೆಗೆಯುವುದಿಲ್ಲ. ಜೆಸಿಂತಾಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಒದ್ದೆ ಬಲೆಯ ಪಾಚಿ ಬಿಡಿಸತೊಡಗುತ್ತಾರೆ.

“ನೀ ಯಾಕಮ್ಮಾ ಕಣ್ಣೊರೆಸ್ಕೋತೀಯಾ? ಬಲೆ ನಮ್ದು, ಹೊಟ್ಟೆ ನಮ್ದು,” ಎನ್ನುತ್ತಾನೆ ಸೂಸೈ.

ಅವರು ಆಗ ತಾಯಿಯ ವಿಷಯ, ನಿಘಂಟಿನ ವಿಷಯ ಹೇಳುತ್ತಾರೆ. ಮುದುಕ ಟವೆಲ್ಲನ್ನು ಮತ್ತೆ ತಲೆಗೆ ಸುತ್ತುತ್ತಾನೆ. “ಇಂಥ ಮಾತನ್ನೂ ಬರೆದಿಡ್ತಾರಾ?”

“ಪುಸ್ತಕದಲ್ಲಿ ಇರ್ಲಿ ತಾತಾ, ಅಮ್ಮ ಆಡಿದ್ದ ಹಾಗೇ. ನಿಮ್ಮ ಬಾಯಲ್ಲಿ ಮಾತ್ರ ಇನ್ನೊಂದ್ಸಲ ಬರೋದು ಬೇಡ.”