ಉಮಾದೇವಿ ಟೀಚರ್ ಮತ್ತು ಮೂವತ್ತೆಂಟು ಕಾರ್ಡುಗಳು

ರಾಣೆಬೆನ್ನೂರಿನ ಉಮಾದೇವಿ ಆಂಧ್ರಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಗಂಡ ಧನಂಜಯ ಬ್ಯಾಂಕಿನ ಅಧಿಕಾರಿ. ಮೊದಲ ಆರು ವರ್ಷ ವಿಜಯವಾಡದಲ್ಲಿ ಎರಡು ಶಾಖೆ, ಆಮೇಲೆ ವಿಶಾಖಪಟ್ಟಣ. ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡಿದ್ದ ಉಮಾದೇವಿ ಹೋದಲ್ಲೆಲ್ಲ ಹತ್ತಿರದ ಖಾಸಗಿ ಶಾಲೆಗೆ ಹೋಗಿ ಗಣಿತ ಕಲಿಸಲು ಕೆಲಸ ಕೇಳುತ್ತಿದ್ದರು. ಗಣಿತಕ್ಕೆ ಟೀಚರ್ ಬೇಡವೆಂದ ಶಾಲೆ ಅವರಿಗೆ ಸಿಗಲಿಲ್ಲ.

ಪಠ್ಯಪುಸ್ತಕ ಇಂಗ್ಲಿಷಿನದು, ವಿವರಣೆ ಮಾತ್ರ ತೆಲುಗಿನಲ್ಲಿ ಆಗಬೇಕಿತ್ತು. ಉಮಾದೇವಿಯವರ ತೆಲುಗು ತರಕಾರಿಯವರಿಂದಲೂ ಮನೆಗೆಲಸದವಳಿಂದಲೂ ಕಲಿತದ್ದು. ತರಗತಿಗೆ ಬೇಕಾದಷ್ಟೇ ಮಾತುಗಳನ್ನು ಆಯ್ದು, ಅವನ್ನೇ ಹದಿನಾಲ್ಕು ವರ್ಷ ತಿರುವಿ ಮುರುವಿ ಬಳಸಿದರು. ಪಾಠದ ಕೊನೆಗೆ, "ಅರ್ಥಮಯ್ಯಿಂದಾ?" ಎಂದು ಕೇಳುತ್ತಿದ್ದರು. "ಅಯ್ಯಿಂದಿ ಮೇಡಂ" ಎಂದು ಮಕ್ಕಳು ಒಂದೇ ದನಿಯಲ್ಲಿ ಹೇಳುತ್ತಿದ್ದರು. ಎಲ್ಲರಿಗೂ ಅರ್ಥವಾಯಿತು ಎಂದುಕೊಂಡು ಅವರು ಮುಂದಿನ ಪುಟಕ್ಕೆ ಹೋಗುತ್ತಿದ್ದರು.

ವಿಶಾಖಪಟ್ಟಣದ ಮಧುರವಾಡದಲ್ಲಿರುವ ಈಗಿನ ಶಾಲೆಯಲ್ಲಿ, ಎರಡು ವರ್ಷದ ಹಿಂದೆ, ಪಾಠದಲ್ಲಿ ಮಕ್ಕಳನ್ನು ತೊಡಗಿಸಲು ಆನ್‌ಲೈನ್ ಸಾಧನಗಳನ್ನು ಬಳಸಬೇಕೆಂದು ಸೂಚನೆ ಬಂತು. ಸಾಧನಗಳು ಉಚಿತವಾಗಿರಬೇಕು ಎಂಬುದೂ ಅದರಲ್ಲೇ ಇತ್ತು. ಮಕ್ಕಳು ಫೋನ್ ತರುವಂತಿಲ್ಲ. ಕಂಪ್ಯೂಟರ್ ಕೋಣೆಯ ಹನ್ನೆರಡರಲ್ಲಿ ಏಳು ಮಾತ್ರ ನಡೆಯುತ್ತಿದ್ದವು. ಒಂದು ದಿನ ಏಳನೆಯ ತರಗತಿಯನ್ನು ಅಲ್ಲಿಗೆ ಕರೆದೊಯ್ದು ಸಂಗೀತ ಹಾಕಿಕೊಂಡು ಆಡುವ ಗಣಿತದ ಕ್ವಿಜ್ ಆಡಿಸಿದರು. ಗಲಾಟೆಯೇ ಹೆಚ್ಚಾಯಿತು. ಮುಂದೆ ಕುಳಿತವರು ಒತ್ತಿದರು, ಹಿಂದೆ ನಿಂತವರು ಕೂಗಿದರು.

ಇಂಟರ್‌ಮೀಡಿಯೆಟ್, ಅಂದರೆ ಅಲ್ಲಿಯ ಪಿಯುಸಿ, ಓದುತ್ತಿದ್ದ ಮಗಳು ಮೇಧಾ ಬೇರೊಂದನ್ನು ಹುಡುಕಿ ಕೊಟ್ಟಳು. ಮಕ್ಕಳ ಕೈಯಲ್ಲಿ ಫೋನ್ ಬೇಕಿಲ್ಲ, ಕಾಗದದ ಕಾರ್ಡ್ ಸಾಕು. ಪ್ರತಿ ಕಾರ್ಡಿನ ಮೇಲೂ ಕಪ್ಪು ಚೌಕಗಳ ಬೇರೆ ಬೇರೆ ಚಿತ್ರ. ಅದರ ನಾಲ್ಕು ಬದಿಗೆ ಎ, ಬಿ, ಸಿ, ಡಿ. ಯಾವ ಉತ್ತರ ಸರಿ ಎನಿಸುತ್ತದೋ ಆ ಬದಿಯನ್ನು ಮೇಲಕ್ಕೆ ಮಾಡಿ ಎತ್ತಿ ಹಿಡಿಯಬೇಕು. ಟೀಚರ್ ತಮ್ಮ ಫೋನನ್ನು ತರಗತಿಯತ್ತ ತಿರುಗಿಸಿದರೆ ಎಲ್ಲರ ಉತ್ತರವೂ ಅವರವರ ಕಾರ್ಡಿನ ಹೆಸರಿಗೆ ದಾಖಲಾಗಿ ಎಣಿಕೆಯಾಗುತ್ತದೆ. ಪಕ್ಕದವರ ಕಾರ್ಡ್ ನೋಡಿದರೂ ಉತ್ತರ ತಿಳಿಯುವುದಿಲ್ಲ.

ದ್ವಾರಕಾ ನಗರದ ಅಂಗಡಿಯಲ್ಲಿ, ತರಗತಿಯ ಮಕ್ಕಳ ಲೆಕ್ಕಕ್ಕೆ ಮೂವತ್ತೆಂಟು ಕಾರ್ಡುಗಳನ್ನು ಲ್ಯಾಮಿನೇಟ್ ಮಾಡಿಸಿ ತಂದರು. ಮೊದಲ ದಿನ ಫೋನು ಅರ್ಧದಷ್ಟನ್ನೂ ಓದಲಿಲ್ಲ.

"ಯಾಕ ಓದವಲ್ದು ಇದು?" ಎಂದು ಮನೆಗೆ ಬಂದು ಕೇಳಿದರು.

ಮೇಧಾ ಒಂದು ಕಾರ್ಡನ್ನು ದೀಪದ ಕೆಳಗೆ ಹಿಡಿದು ನೋಡಿದಳು. "ಹೊಳೀತದಲ್ಲಮ್ಮಾ. ಲ್ಯಾಮಿನೇಶನ್ ಬ್ಯಾಡ, ದಪ್ಪ ಪೇಪರ್ ಮ್ಯಾಲೆ ತೆಗಸು."

ಹಾಗೆಯೇ ಮಾಡಿಸಿದರು. ಉಚಿತ ಖಾತೆಯಲ್ಲಿ ಒಂದು ಪಾಠಕ್ಕೆ ಐದೇ ಪ್ರಶ್ನೆ. ಹಾಗಾಗಿ ಪ್ರಶ್ನೆಗಳನ್ನು ಯೋಚಿಸಿ ಬರೆಯಬೇಕಾಯಿತು. ತಪ್ಪು ಉತ್ತರಗಳನ್ನು ಬರೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಇದು ಮಾರ್ಕ್ಸ್ ಅಲ್ಲ, ಯಾರ ಉತ್ತರ ಏನೆಂದು ಯಾರಿಗೂ ಹೇಳುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ತಿಳಿಸಿದರು.

ದಶಮಾಂಶದ ಪಾಠ ಮುಗಿದಿತ್ತು. ಮೊದಲ ಪ್ರಶ್ನೆ: 0.5, 0.45, 0.405, 0.054, ಇವುಗಳಲ್ಲಿ ಯಾವುದು ದೊಡ್ಡದು? ಕಾರ್ಡುಗಳು ಮೇಲೆದ್ದವು. ಫೋನಿನಲ್ಲಿ ಎಣಿಕೆ ಕಂಡಿತು. ಸರಿಯುತ್ತರ ಕೊಟ್ಟವರು ಒಂಬತ್ತು ಮಂದಿ. ಉಳಿದವರಲ್ಲಿ ಬಹುಪಾಲು 0.405 ಎಂದಿದ್ದರು.

ಅವರು ಕುರ್ಚಿ ಎಳೆದುಕೊಂಡು ಕುಳಿತರು. ಹಿಂದಿನ ದಿನ ಇದೇ ಮಕ್ಕಳು ಅರ್ಥವಾಯಿತು ಎಂದಿದ್ದರು. 0.405 ಯಾಕೆ ಎಂದು ಕೇಳಿದರು. ಮೂರನೆಯ ಸಾಲಿನ ಸಾಯಿಪ್ರಿಯಾ ಎದ್ದು ನಿಂತಳು.

"ಮೀರೇ ಚೆಪ್ಪಾರು ಕದಾ ಮೇಡಂ," ಎಂದಳು. ನೀವೇ ಹೇಳಿದ್ದಲ್ಲವೇ ಎಂದು. "ಚುಕ್ಕ ವದಿಲೇಯಮನಿ."

ಚುಕ್ಕಿಯನ್ನು ಬಿಟ್ಟುಬಿಡಿ. ಉಮಾದೇವಿ ಹಾಗೆ ಹೇಳಿದ್ದು ನಿಜ. ದಶಮಾಂಶಗಳ ಗುಣಾಕಾರ ಮಾಡುವಾಗ ಮೊದಲು ಚುಕ್ಕಿ ಬಿಟ್ಟು ಗುಣಿಸಿ, ಕೊನೆಗೆ ಸರಿಯಾದ ಜಾಗದಲ್ಲಿ ಇಡಿ ಎನ್ನಬೇಕಿತ್ತು. ಅವರ ತೆಲುಗು ಮೊದಲರ್ಧಕ್ಕೆ ಸಾಕಾಗಿತ್ತು. ಉಳಿದರ್ಧವನ್ನು ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದ್ದರು. ಮಕ್ಕಳು ಕಿವಿಗೆ ಬಿದ್ದದ್ದನ್ನು ಇಟ್ಟುಕೊಂಡರು. ಚುಕ್ಕಿ ತೆಗೆದರೆ ನಾನೂರ ಐದೇ ಎಲ್ಲಕ್ಕಿಂತ ದೊಡ್ಡದು.

ಈ ಮಾತನ್ನು ಅವರು ವಿಜಯವಾಡದಿಂದಲೂ ಹೇಳಿಕೊಂಡು ಬಂದಿದ್ದರು. ಎಷ್ಟು ತರಗತಿಗಳಿಗೆ ಎಂದು ಎಣಿಸಲು ಹೊರಟು, ನಡುವೆ ಬಿಟ್ಟರು. ಮರುದಿನ ಮೇಧಾಳ ಹತ್ತಿರ ತೆಲುಗಿನಲ್ಲಿ ಎಂಟು ವಾಕ್ಯ ಬರೆಸಿಕೊಂಡು ಹೋಗಿ, ಆ ಪಾಠವನ್ನು ಮೊದಲಿನಿಂದ ಮಾಡಿದರು.

ಪ್ರಿನ್ಸಿಪಾಲ್ ಸೂರ್ಯಪ್ರಕಾಶ್ ಒಂದು ದಿನ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕಾರ್ಡುಗಳ ಆಟ ನೋಡಿದರು. ಅವರಿಗೆ ಹಿಡಿಸಿತು. ಸಂಜೆ ಕೋಣೆಗೆ ಕರೆಸಿ ಇಂಗ್ಲಿಷಿನಲ್ಲಿ ಹೇಳಿದರು.

"ಉಮಾದೇವಿ ಗಾರು, ಇದರಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಉತ್ತರ ಇರುತ್ತದಲ್ಲ? ಮೂರು ತಿಂಗಳ ಪಟ್ಟಿ ತೆಗೆದು ಕೊಡಿ. ಹಿಂದುಳಿದವರಿಗೆ ಬೇರೆ ಸೆಕ್ಷನ್ ಮಾಡೋಣ."

"ಇದು ಮಾರ್ಕ್ಸ್ ಅಲ್ಲ ಅಂತ ಮಕ್ಕಳಿಗೆ ಹೇಳಿದ್ದೀನಿ, ಸರ್."

"ಮಕ್ಕಳಿಗೆ ಹೇಳಿದ್ದು ಬಿಡಿ. ಸೋಮವಾರ ಕೊಡಿ."

ಮನೆಯಲ್ಲಿ ಧನಂಜಯ ಕೇಳಿಸಿಕೊಂಡು, "ಕೊಟ್ಟು ಕೈ ತೊಳಕೋ. ನೀ ಕೊಟ್ಟೀ ಅಂತ ಹುಡುಗ್ರಿಗೇನ್ ಗೊತ್ತಾಗ್ತದ?" ಎಂದರು.

"ಸೆಕ್ಷನ್ ಬದಲಾದ್ ದಿನ ಗೊತ್ತಾಗ್ತದ್ರೀ. ಆಮ್ಯಾಲೆ ತಿಳೀಲಿಲ್ಲ ಅಂತ ಯಾರೂ ನನಗ ಹೇಳೂದಿಲ್ಲ."

ಭಾನುವಾರ ಖಾತೆಯಲ್ಲಿದ್ದ ಹೆಸರುಗಳನ್ನೂ ಹಳೆಯ ಉತ್ತರಗಳನ್ನೂ ಅಳಿಸಿದರು. ಸೋಮವಾರ ಅದನ್ನು ತಾವೇ ಹೋಗಿ ಪ್ರಿನ್ಸಿಪಾಲರಿಗೆ ಹೇಳಿದರು. ಇನ್ನು ಮುಂದೆ ಕಾರ್ಡುಗಳನ್ನು ಕಲಸಿ ಹಂಚುತ್ತೇನೆ, ತರಗತಿಯ ಒಟ್ಟು ಎಣಿಕೆ ಮಾತ್ರ ಸಿಗುತ್ತದೆ ಎಂದರು.

"ಹಾಗಾದರೆ ಅದರಿಂದ ಏನು ಉಪಯೋಗ?"

"ನಾನು ಏನು ಸರಿಯಾಗಿ ಕಲಿಸಿಲ್ಲ ಅಂತ ತಿಳಿಯುತ್ತದೆ, ಸರ್."

ಮುಂದಿನ ಜೂನಿನಲ್ಲಿ ವೇಳಾಪಟ್ಟಿ ಬಂದಾಗ, ಅಲ್ಲಿಯವರೆಗೆ ಕಲಿಸುತ್ತಿದ್ದ ಹತ್ತನೆಯ ತರಗತಿ ಉಮಾದೇವಿಯವರ ಹೆಸರಿನಲ್ಲಿ ಇರಲಿಲ್ಲ. ಆರು ಮತ್ತು ಏಳು ಮಾತ್ರ ಇದ್ದವು. ಹತ್ತನೆಯದನ್ನು ಕಲಿಸುವುದು ಅವರಿಗೆ ಇಷ್ಟವಿತ್ತು. ವಿಜ್ಞಾನದ ಟೀಚರ್ ಪ್ರತ್ಯೂಷಾ ಒಂದು ದಿನ ಬಂದು ಕಾರ್ಡುಗಳನ್ನು ಎರವಲು ಕೇಳಿದರು. ಅಂದಿನಿಂದ ವಾರಕ್ಕೆರಡು ಸಲ ಅವು ಅವರ ತರಗತಿಗೂ ಹೋಗುತ್ತವೆ.

ಧನಂಜಯರಿಗೆ ಈ ವರ್ಷ ಮತ್ತೆ ವಿಜಯವಾಡಕ್ಕೆ ವರ್ಗವಾಯಿತು. ಉಮಾದೇವಿ ಮೊದಲ ಸಲ ಜೊತೆಗೆ ಹೋಗಲಿಲ್ಲ. ಮೇಧಾಳ ಕಾಲೇಜು ಇಲ್ಲೇ ಇದೆ ಎಂಬುದು ಒಂದು ಕಾರಣ. ಗಂಡ ಶನಿವಾರ ರೈಲಿಗೆ ಬಂದು ಭಾನುವಾರ ಸಂಜೆ ಹಿಂತಿರುಗುತ್ತಾರೆ.

ಕಳೆದ ತಿಂಗಳು ಏಳನೆಯ ತರಗತಿಗೆ ಋಣ ಸಂಖ್ಯೆಗಳ ಪಾಠವಾಯಿತು. ಈ ವರ್ಷ ಇನ್ನೂ ಮೂರು ಕಾರ್ಡು ಸೇರಿಸಬೇಕಾಗಿತ್ತು; ನಲವತ್ತೊಂದು ಮಕ್ಕಳಲ್ಲಿ ಮೊದಲ ದಿನ ಹದಿನೇಳು ಮಂದಿ ಸರಿಯುತ್ತರ ಎತ್ತಿದರು, ಎರಡನೆಯ ದಿನ ಮೂವತ್ತಮೂರು. ಉಳಿದ ಎಂಟು ಮಂದಿ ಯಾರೆಂದು ತಿಳಿಯಲು ದಾರಿಯಿರಲಿಲ್ಲ. ಮೂರನೆಯ ದಿನ ಅವರು ಅದೇ ಪಾಠವನ್ನು ಇಡೀ ತರಗತಿಗೆ ಇನ್ನೊಂದು ಬಗೆಯಲ್ಲಿ ಮಾಡಿದರು.