ಮೇಡಂಗೆ ಓದಿ ಹೇಳಿದ ಸೋರ್ಸ್ ಕೋಡ್

ಮೊನ್ನೆ ಅರಕಲಗೂಡಿನ ಬಸ್ಸಿನಲ್ಲಿ ಪಕ್ಕದ ಹೆಂಗಸು ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡು ಮೂಸಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನಮ್ಮ ಮೇಡಂ ಕ್ಲಾಸಿಗೆ ಬರುವ ಮೊದಲೇ ಆ ವಾಸನೆ ಬರುತ್ತಿತ್ತು...

ಹಾಸನದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಅವರು ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಹೊಳೆನರಸೀಪುರದಲ್ಲಿ ಅಕ್ಕನ ಜೊತೆ ವಾಸ. ಯಾವಾಗಲೂ ತಲೆನೋವು. ಸ್ಕ್ರೀನ್ ನೋಡಿ ನೋಡಿ ಹೀಗಾಗಿದೆ ಅನ್ನುತ್ತಿದ್ದರು. ನಾವೂ ನಂಬಿದ್ದೆವು.

ನನ್ನ ಪ್ರಾಜೆಕ್ಟಿನಲ್ಲಿ ಹುಟ್ಟಿದ ದಿನಾಂಕ ತುಂಬಿಸಿದರೆ ಹಿಂದಿನ ದಿನ ಸೇವ್ ಆಗುತ್ತಿತ್ತು. ಎಷ್ಟು ಹುಡುಕಿದರೂ ತಪ್ಪು ಸಿಗದೆ ಅಳು ಬಂತು. ಮೇಡಂ ಕುರ್ಚಿ ಎಳೆದುಕೊಂಡು ಕೂತು, ನಾವು ಬಳಸುತ್ತಿದ್ದ ಫ್ರೇಮ್‌ವರ್ಕಿನ ಲೈಬ್ರರಿಯನ್ನೇ, ಅಂದರೆ ಬೇರೆ ಯಾರೋ ಬರೆದಿಟ್ಟ ಸೋರ್ಸ್ ಕೋಡನ್ನೇ, ತೆರೆಸಿದರು. ಅದರೊಳಗೆ ಇಣುಕಬಹುದೆಂದೇ ನನಗೆ ಗೊತ್ತಿರಲಿಲ್ಲ.

"ಎದುರ್ಕಬ್ಯಾಡ ಕಣಮ್ಮ. ಇದ್ನೂ ನಮ್ಮಂಗೆ ಯಾರೋ ಕೂತ್ಕಂಡು ಬರ್ದಿರೋದೇ. ಓದು."

ಫೈಲಿನಿಂದ ಫೈಲಿಗೆ ಹೋಗಿ ಕೊನೆಗೆ ಆ ಸಾಲು ಹಿಡಿದೆವು. ಅದು ದಿನಾಂಕವನ್ನು ಆ ದಿನ ಶುರುವಾಗುವ ಮಧ್ಯರಾತ್ರಿ ಎಂದು ಹಿಡಿದು, ನಮ್ಮ ಸಮಯವನ್ನು ಗ್ರೀನಿಚ್ ಸಮಯಕ್ಕೆ ಬದಲಿಸುತ್ತಿತ್ತು. ನಮ್ಮ ಮಧ್ಯರಾತ್ರಿ ಅಲ್ಲಿ ಹಿಂದಿನ ಸಂಜೆ. ಮೇಡಂ ಅವತ್ತು ನನಗಿಂತ ಹೆಚ್ಚು ಹಿಗ್ಗಿದ್ದರು.

ಆಮೇಲೆ ಅವರು ಬರುವುದು ನಿಂತಿತು. ತಲೆಯಲ್ಲಿ ಗಡ್ಡೆಯಂತೆ. ಮೈಸೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಮರಳಿದ ಮೇಲೆ ನೋಡಲು ಹೋದವಳು, ಸ್ವಲ್ಪ ಖುಷಿಯಾಗಲೆಂದು ಲ್ಯಾಪ್‌ಟಾಪಿನಲ್ಲಿ ಲೈಬ್ರರಿಯ ಒಂದು ಫೈಲ್ ತೆರೆದಿಟ್ಟೆ. ಬಹಳ ಹೊತ್ತು ನೋಡಿದರು.

"ಅಕ್ಷರ ಕಾಣ್ತವೆ. ಕೂಡ್ಸಕ್ಕೇ ಆಯ್ತಿಲ್ಲ ಕಣಮ್ಮ," ಎಂದರು. "ನೀನೇ ಓದೇಳು."

ಭಾನುವಾರಗಳಂದು ಹೋಗಿ ಓದುತ್ತಿದ್ದೆ. ಕಣ್ಣು ಮುಚ್ಚಿ ಕೇಳುತ್ತ, ಕೋಡಿನ ಈ ಫಂಕ್ಷನ್ ಮುಂದೆ ಯಾವ ತುಣುಕನ್ನು ಕರೆಯುತ್ತದೆ ಎಂದು ವಿಚಾರಿಸುತ್ತಿದ್ದರು. ಒಂದು ಕಡೆ, ಇದು ಹೇಗೆ ನಡೆಯುತ್ತಿದೆಯೋ ತಿಳಿಯದು, ಮುಟ್ಟಬೇಡಿ ಎಂದು ಕೋಡ್ ಬರೆದವರೇ ಟಿಪ್ಪಣಿ ಹಾಕಿದ್ದರು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಬರಬರುತ್ತ ಪ್ರಶ್ನೆಗಳು ಕಡಿಮೆಯಾದವು... ಒಂದು ಭಾನುವಾರ ನನ್ನ ಮುಖವನ್ನೇ ನೋಡುತ್ತಿದ್ದವರು ಅಕ್ಕನ ಕಡೆ ತಿರುಗಿದರು.

"ಯಾರಕ್ಕ ಈ ಉಡ್ಗಿ? ಚೆಂದಾಗಿ ಓದ್ತಾಳೆ."

ಅಕ್ಕ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು. ನಾನು ಓದುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅತ್ತುಬಿಡುತ್ತಿದ್ದೆ. ಮುಂದಿನ ಭಾನುವಾರಕ್ಕೆ ಅವರಿರಲಿಲ್ಲ.

ಈಗ ನನಗೂ ಇದೇ ಕೆಲಸ. ದಿನಕ್ಕೊಮ್ಮೆಯಾದರೂ ಯಾವುದಾದರೂ ಲೈಬ್ರರಿಯೊಳಗೆ ಇಳಿದು ಓದಬೇಕಾಗುತ್ತದೆ. ಎಲ್ಲರಂತೆ ಮನಸ್ಸಿನಲ್ಲೇ ಓದಿಕೊಳ್ಳಲು ನನಗೆ ಬರುವುದಿಲ್ಲ, ತುಟಿ ಅಲ್ಲಾಡುತ್ತದೆ. ಯಾರಿಗೆ ಓದಿ ಹೇಳ್ತಿದೀಯ ಎಂದು ಪಕ್ಕದ ಸೀಟಿನವಳು ರೇಗಿಸುತ್ತಾಳೆ. ಕೇಳುವವರು ಯಾರೂ ಇಲ್ಲ... ಆದರೂ ಸಾಲಿನ ಕೊನೆಗೆ ಬಂದಾಗ, ಒಂದು ಪ್ರಶ್ನೆಗಾಗಿ ಕಾಯುತ್ತೇನೆ.