ನೋಡಲಾಯಿತು

ಮೊಣಕಾಲಿನವರೆಗೆ ನಮ್ಮ ಸಾರ್ ಪ್ಯಾಂಟು ಖಾಕಿ. ಅಲ್ಲಿಂದ ಕೆಳಗೆ ಬರೀ ಬೀಜ. ಉತ್ತರಾಣಿಯ ಮುಳ್ಳುಬೀಜ, ಊಬಿನ ಹುಲ್ಲಿನ ಸೂಜಿ, ಹೆಸರು ಗೊತ್ತಿಲ್ಲದ ಇನ್ನೆಷ್ಟೋ ಅಂಟುಕಾಳು. ಸಂಜೆ ಜಯನಗರದ ಮನೆಗೆ ಬಂದವರು ಒಳಗೆ ಕಾಲಿಡುವ ಮೊದಲು ಹೊರಗಿನ ಮೆಟ್ಟಿಲ ಮೇಲೆ ಕೂತು, ಕನ್ನಡಕವನ್ನು ಹಣೆಗೇರಿಸಿ, ಒಂದೊಂದನ್ನೇ ಬಿಡಿಸಿ ಹಳೆಯ ಪತ್ರಿಕೆಯ ತುಂಡಿನಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ಬೆಳಿಗ್ಗೆ ಆ ಪೊಟ್ಟಣ ಊಟದ ಡಬ್ಬಿಯ ಜೊತೆ ಚೀಲ ಸೇರುತ್ತಿತ್ತು. ಬೀಜ ಎಲ್ಲಿಂದ ಬಂದಿತ್ತೋ ಅಲ್ಲಿಗೇ ವಾಪಸ್ಸು. ಬೇರೆ ಹೆಂಗಸರ ಗಂಡಂದಿರು ಸಂಜೆ ಮಲ್ಲಿಗೆ ತರುತ್ತಾರೆ, ನಮ್ಮ ಮನೆಯವರು ಉತ್ತರಾಣಿ ತರುತ್ತಾರೆ, ಅದನ್ನೂ ಬೆಳಿಗ್ಗೆ ವಾಪಸ್ಸು ತಗೊಂಡು ಹೋಗುತ್ತಾರೆ ಎಂದು ಅವರ ಹೆಂಡತಿ ನನ್ನೆದುರೇ ಹಾಸ್ಯ ಮಾಡಿದ್ದರು. ಅವರು ಬೀಜ ಬಿಡಿಸುತ್ತಲೇ ನಕ್ಕಿದ್ದರು.

ತಲಘಟ್ಟಪುರ ದಾಟಿ ಒಂದೂವರೆ ಮೈಲಿ ನಡೆದರೆ ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದಿಷ್ಟು ಕುರುಚಲು ಕಾಡು, ಹುಲ್ಲುಗಾವಲು, ಎರಡು ಕೋಣೆಯ ಹೆಂಚಿನ ಕಟ್ಟಡ ಇದ್ದವು. ಕಾಗದದಲ್ಲಿ ಅದು ಕ್ಷೇತ್ರ ಸಂಶೋಧನಾ ಕೇಂದ್ರ, ನಮ್ಮ ಬಾಯಲ್ಲಿ ‘ಸ್ಟೇಷನ್’. ಅವರು ಅದರ ಮೇಲ್ವಿಚಾರಕರು. ಬನಶಂಕರಿ ದೇವಸ್ಥಾನದ ಹತ್ತಿರ ಕನಕಪುರದ ಬಸ್ಸು ಹತ್ತಿ ‘ಸ್ಟೇಷನ್ನಿಗೆ ಹೊತ್ತಾಯ್ತು’ ಎಂದು ದಿನಾ ಗೊಣಗುತ್ತಿದ್ದರಿಂದ ಕಂಡಕ್ಟರು ಅವರನ್ನು ‘ಸ್ಟೇಷನ್ ಮೇಷ್ಟ್ರೇ’ ಎಂದೇ ಕರೆಯುತ್ತಿದ್ದ. ತಲಘಟ್ಟಪುರದಲ್ಲಿ ಯಾವ ರೈಲು ಬರುತ್ತದೆ ಎಂದು ಅವನೂ ಕೇಳಲಿಲ್ಲ, ಇವರೂ ತಿದ್ದಲಿಲ್ಲ. ನಾವು ವಿದ್ಯಾರ್ಥಿಗಳೂ ಅದನ್ನೇ ಎತ್ತಿಕೊಂಡೆವು. ಬೆನ್ನ ಹಿಂದೆ ಸ್ಟೇಷನ್ ಮೇಷ್ಟ್ರು, ಎದುರಿಗೆ ಸಾರ್.

ನಾನು ಅಲ್ಲಿಗೆ ಹೋಗಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಸಸ್ಯಶಾಸ್ತ್ರದ ಸಂಶೋಧನೆಗೆಂದು. ಬಸವನಗುಡಿಯ ಅಂಗಡಿಯಿಂದ ಹೊಸ ನೋಟ್‌ಬುಕ್ಕುಗಳನ್ನು ಕೊಂಡು, ತಲೆಯ ತುಂಬ ಹಮ್ಮು ತುಂಬಿಕೊಂಡು ಹೋಗಿದ್ದೆ. ಅಲ್ಲಿ ಜಮೀನನ್ನು ತುಂಡು ತುಂಡಾಗಿ ವಿಂಗಡಿಸಿದ್ದರು. ಒಂದರಲ್ಲಿ ದನ ಮೇಯಿಸುತ್ತಿದ್ದರು, ಒಂದರಲ್ಲಿ ವರ್ಷಕ್ಕೊಮ್ಮೆ ಹುಲ್ಲು ಕೊಯ್ಯುತ್ತಿದ್ದರು, ಒಂದಕ್ಕೆ ಬೇಸಿಗೆಯಲ್ಲಿ ಬೆಂಕಿ ಕೊಡುತ್ತಿದ್ದರು. ಮಧ್ಯದ ಆರು ಎಕರೆಯಲ್ಲಿ ಮಾತ್ರ ಏನೂ ಇಲ್ಲ. ಬೇಲಿ ಹಾಕಿದ ದಿನದಿಂದ ಅಲ್ಲಿ ಯಾರೂ ಒಂದು ಕಡ್ಡಿ ಮುರಿದಿರಲಿಲ್ಲ. ಉಳಿದ ತುಂಡುಗಳಲ್ಲಿ ಏನು ಬದಲಾಯಿತು ಎಂದು ತಿಳಿಯಬೇಕಾದರೆ ಇದರ ಪಕ್ಕ ಇಟ್ಟು ನೋಡಬೇಕು. ಇದು ಕೆಟ್ಟರೆ ಎಲ್ಲ ತುಂಡುಗಳ ಲೆಕ್ಕವೂ, ನನ್ನ ಪ್ರಬಂಧವೂ ಕೆಟ್ಟ ಹಾಗೆ. ಊರಿನ ವಾಚ್‌ಮನ್ ಅದಕ್ಕೆ ‘ಸುಮ್ನಿರೋ ಹೊಲ’ ಎಂದು ಹೆಸರಿಟ್ಟಿದ್ದ. ಯಾವ ವಿಜ್ಞಾನಿಯೂ ಅದಕ್ಕಿಂತ ಒಳ್ಳೆಯ ಹೆಸರು ಇಡಲಾರ.

ಆ ಸುಮ್ನಿರೋ ಹೊಲ ಅವರ ಪ್ರಾಣ. ದಿನಾ ಬೆಳಿಗ್ಗೆ ಅದರೊಳಗಿನ ಒಂದೇ ಕಾಲುದಾರಿಯಲ್ಲಿ, ಅದೂ ಒಂದೇ ದಿಕ್ಕಿನಲ್ಲಿ, ಒಂದು ಸುತ್ತು ಹಾಕುತ್ತಿದ್ದರು. ಆಮೇಲೆ ಕೋಣೆಗೆ ಬಂದು ಕೈ ತೊಳೆದು ರಿಜಿಸ್ಟರು ತೆಗೆಯುತ್ತಿದ್ದರು. ದಿನಾಂಕ, ತುಂಡಿನ ಹೆಸರು, ಕೈಗೊಂಡ ಕೆಲಸ, ಷರಾ. ಬೇರೆ ತುಂಡುಗಳ ಮುಂದೆ ‘ಹುಲ್ಲು ಕೊಯ್ಯಲಾಯಿತು’, ‘ಬೇಲಿ ಸರಿಪಡಿಸಲಾಯಿತು’ ಎಂದಿರುತ್ತಿತ್ತು. ಸುಮ್ನಿರೋ ಹೊಲದ ಮುಂದೆ ಪ್ರತಿ ದಿನವೂ ಒಂದೇ ಪದ: ‘ನೋಡಲಾಯಿತು’. ಪಕ್ಕದ ಷರಾದಲ್ಲಿ ಕಂಡದ್ದು. ಈಶಾನ್ಯ ಮೂಲೆಯಲ್ಲಿ ಗೌರಿಹೂ ಒಂದು, ಕಳೆದ ವರ್ಷಕ್ಕಿಂತ ಆರು ದಿನ ತಡ. ಗೌಜಲಹಕ್ಕಿ ಕೂಗಿತು, ಕಾಣಲಿಲ್ಲ. ಒಂದು ದಿನ ಜ್ವರ ಬಂದು ಮಧ್ಯಾಹ್ನ ಬಂದರು. ಬೆಳಿಗ್ಗೆ ವಾಚ್‌ಮನ್ ಸುತ್ತು ಹಾಕಿದ್ದಾನಲ್ಲ ಸಾರ್, ಬರೆದುಬಿಡಿ ಎಂದೆ. ಅವರು ಬಿಸಿಲಲ್ಲೇ ಎದ್ದು ಹೊರಟರು. “ನೋಡ್ದೆ ಬರೀಬಾರ್ದು ಕಣಮ್ಮ” ಎಂದರು, ಅಷ್ಟೆ.

ಅವರ ಕಾಟವೂ ಕಡಿಮೆಯದಲ್ಲ. ಬೇಲಿಯೊಳಗೆ ಹಣ್ಣು ತಿನ್ನುವಂತಿರಲಿಲ್ಲ. ಈ ನಿಯಮ ಗೊತ್ತಿಲ್ಲದ ನಾನು ಮೊದಲ ತಿಂಗಳೇ ಸುಮ್ನಿರೋ ಹೊಲದ ಅಂಚಿನಲ್ಲಿ ಕೂತು ಸೀತಾಫಲ ತಿಂದು, ಬೀಜವನ್ನು ಮನಸೋ ಇಚ್ಛೆ ಉಗಿದೆ. ಅವರು ಬಂದು ನೋಡಿ, ಎಷ್ಟು ಬೀಜ ಇತ್ತು ಎಂದು ಕೇಳಿದರು. ಸೀತಾಫಲದ ಬೀಜ ಎಣಿಸಿ ತಿನ್ನುವವರುಂಟೇ? ಅವರು ಬೈಯಲಿಲ್ಲ, ಮಂಡಿಯೂರಿ ಹುಡುಕತೊಡಗಿದರು. ಇನ್ನೇನು ಮಾಡುವುದು, ನಾನೂ ಮಂಡಿಯೂರಿದೆ. ಸಂಜೆಯ ಬಸ್ಸು ಹೋಯಿತು. ಮೂವತ್ತೆಂಟು ಸಿಕ್ಕವು. ಮೂವತ್ತೊಂಬತ್ತನೆಯದು ಒಂದಿದ್ದೀತು ಎಂದು ಮುಂದಿನ ಎರಡು ಮಳೆಗಾಲ ಅವರು ಅಲ್ಲಿ ಬಗ್ಗಿ ಬಗ್ಗಿ ನೋಡಿದ್ದನ್ನು ನಾನೇ ಕಂಡಿದ್ದೇನೆ. ಆ ದಿನ ನಡೆದುಬರುವಾಗ ಸಿಟ್ಟಿನಲ್ಲಿ ಕೇಳಿದೆ, ಇಷ್ಟೊಂದು ಕಷ್ಟಪಟ್ಟು ಏನೂ ಮಾಡದೆ ಇರುವುದೂ ಒಂದು ಕೆಲಸವೇ ಎಂದು. ಅವರು “ಕೆಲಸ ಇಲ್ದ ಬಡಗಿ…” ಎಂದು ಗಾದೆ ಶುರುಮಾಡಿ, ಹೆಣ್ಣುಮಗಳ ಮುಂದೆ ಉಳಿದದ್ದನ್ನು ಹೇಳಲಾಗದೆ ಕೆಮ್ಮಿ ಸುಮ್ಮನಾದರು. ಮಗನ ಅಂಡು ಕೆತ್ತಿದ ಎಂದು ನನಗೆ ಗೊತ್ತಿತ್ತು. ನಗು ಬಂದು ಸಿಟ್ಟು ಇಳಿಯಿತು.

ನನ್ನ ಬದುಕಿನಲ್ಲಿ ಇವತ್ತಿಗೂ ಮರೆಯಲಾಗದ ಒಂದು ತಪ್ಪಿದೆ. ಅದು ಆಗಿದ್ದು ಅಲ್ಲಿ ಸೇರಿದ ಮೂರನೆಯ ವರ್ಷ. ಅವರ ಹೆಂಡತಿಗೆ ಆಪರೇಷನ್ ಆಗಿ ಅವರು ಆರು ವಾರ ರಜೆ ಹಾಕಿದ್ದರು. ದಿನದ ಸುತ್ತನ್ನು, ರಿಜಿಸ್ಟರನ್ನು ನನಗೆ ವಹಿಸಿದ್ದರು. ಅದನ್ನು ನಾನು ಚಾಚೂ ತಪ್ಪದೆ ಮಾಡಿದೆ. ಆದರೆ ಆ ನಡುವೆ ಕಚೇರಿಯಿಂದ ವಾರ್ಷಿಕ ವರದಿಯ ನಮೂನೆ ಬಂತು, ಎರಡು ದಿನದಲ್ಲಿ ತುಂಬಿ ಕಳಿಸಿ ಎಂಬ ಚೀಟಿಯೊಂದಿಗೆ. ಆಸ್ಪತ್ರೆಯಲ್ಲಿರುವವರಿಗೆ ಇದಕ್ಕೆಲ್ಲ ಯಾಕೆ ತೊಂದರೆ ಕೊಡುವುದು ಎಂದು ನಾನೇ ಕೂತು ತುಂಬಿದೆ. ಸುಮ್ನಿರೋ ಹೊಲ, ಆರು ಎಕರೆ. ಈ ವರ್ಷ ಕೈಗೊಂಡ ಕೆಲಸ? ವಿಜ್ಞಾನದ ವಿದ್ಯಾರ್ಥಿನಿ ನಾನು, ಸತ್ಯವನ್ನೇ ಬರೆಯಬೇಕಲ್ಲ. ದುಂಡಗಿನ ಅಕ್ಷರದಲ್ಲಿ ‘ಯಾವುದೂ ಇಲ್ಲ’ ಎಂದು ಬರೆದೆ. ಷರಾ ಖಾಲಿ ಬಿಟ್ಟೆ.

ಆ ಕಾಲದಲ್ಲಿ ಬೀಳು ಜಮೀನು ಕಂಡಲ್ಲೆಲ್ಲ ನೀಲಗಿರಿ ನೆಡುವುದೇ ದೇಶಸೇವೆ. ಕಚೇರಿಯಲ್ಲಿ ಯಾರೋ ನನ್ನ ‘ಯಾವುದೂ ಇಲ್ಲ’ದ ಕೆಳಗೆ ಕೆಂಪು ಗೆರೆ ಎಳೆದರು. ಉಪಯೋಗಿಸದೆ ಬಿಟ್ಟಿರುವ ಆರು ಎಕರೆಯಲ್ಲಿ ನೀಲಗಿರಿ ನೆಡತಕ್ಕದ್ದು ಎಂದು ಆದೇಶವಾಯಿತು. ಆ ಆದೇಶ ನಮ್ಮನ್ನು ತಲುಪುವ ಮೊದಲು ಗುದ್ದಲಿ ತಲುಪಿತು. ಅವರು ರಜೆ ಮುಗಿಸಿ ಬರಬೇಕಾಗಿದ್ದ ಸೋಮವಾರ ಬೆಳಿಗ್ಗೆ ನಾನು ಹೋದರೆ ಬೇಲಿ ಒಂದು ಕಡೆ ಬಿದ್ದಿತ್ತು. ಪೂರ್ವದ ಅಂಚಿನಿಂದ ಸಾಲು ಸಾಲು ಗುಂಡಿ. ಕೂಲಿಯವರು ಬೀಡಿ ಸೇದುತ್ತ ಕೂತಿದ್ದರು. ಆದೇಶದ ಪ್ರತಿಯನ್ನು ಮೇಸ್ತ್ರಿ ತೋರಿಸಿದ. ಅದರಲ್ಲಿ ನನ್ನದೇ ಎರಡು ಪದಗಳಿದ್ದವು.

ಅಷ್ಟರಲ್ಲಿ ಅವರೂ ಬಂದರು. ಗುಂಡಿಯ ಸಾಲನ್ನು ಕೊನೆಯವರೆಗೆ ನೋಡಿದರು. ಒಂದು ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅಗೆದು ಹಾಕಿದ ಮಣ್ಣಿನಿಂದ ಒಂದು ಗೆಡ್ಡೆ ಎತ್ತಿ ಧೂಳು ಒರೆಸಿದರು. ಈಶಾನ್ಯ ಮೂಲೆಯ ಆ ಗೌರಿಹೂವಿನ ಗೆಡ್ಡೆ. ನಾನು ಅಳುತ್ತ ಇದೆಲ್ಲ ನನ್ನಿಂದಲೇ ಆದದ್ದು ಎಂದು ಒಪ್ಪಿಸಿದೆ.

“ನೀನು ಸುಳ್ಳು ಬರೀಲಿಲ್ವಲ್ಲ” ಎಂದರು ಅವರು. “ನೋಡೋದೂ ಕೆಲ್ಸ ಅಂತ ನಿಂಗೆ ನಾನು ಹೇಳ್ಕೊಟ್ಟಿರ್ಲಿಲ್ಲ.”

ಮೇಸ್ತ್ರಿಗೆ, ಸಂಜೆಯವರೆಗೆ ಗುದ್ದಲಿ ಮುಟ್ಟಬೇಡಪ್ಪ, ನಿನ್ನ ಕೂಲಿಗೆ ನಾನು ಜವಾಬ್ದಾರಿ ಎಂದು ಕೇಳಿಕೊಂಡರು. ಕೋಣೆಯಲ್ಲಿದ್ದ ಹದಿನಾಲ್ಕು ವರ್ಷದ ರಿಜಿಸ್ಟರುಗಳನ್ನು ಎರಡು ಗೋಣಿಚೀಲದಲ್ಲಿ ತುಂಬಿದರು. ಬಸ್ಸಿನ ಮೇಲೆ ಹಾಕಲು ಬಿಡಲಿಲ್ಲ, ತಮ್ಮ ಸೀಟಿನ ಮೇಲೆ ಚೀಲ ಕೂರಿಸಿ ತಾವು ನಿಂತರು. ನಾನೂ ಜೊತೆಗೆ ಹೋದೆ. ಕಚೇರಿಯ ದೊಡ್ಡ ಸಾಹೇಬರು ಕಾಫಿ ಕುಡಿಯುತ್ತಿದ್ದರು. ಒಂದು ರಿಜಿಸ್ಟರು ತಿರುವಿ ಹಾಕಿ, ಪುಟ ಪುಟವೂ ನೋಡಲಾಯಿತು, ನೋಡಲಾಯಿತು ಎಂದಿರುವುದನ್ನು ಕಂಡು, ನೋಡುವುದೂ ಒಂದು ಕೆಲಸವೇನ್ರೀ ಎಂದು ನಕ್ಕರು.

“ಹೌದು ಸ್ವಾಮಿ” ಎಂದರು ಇವರು. “ನನ್ನ ಕೆಲಸ ಅದೊಂದೇ. ಅದು ಬಿಟ್ರೆ ನಂಗೆ ಬೇರೆ ಬರೋದಿಲ್ಲ.”

ಸಾಹೇಬರ ನಗು ನಿಂತಿತು. ಹತ್ತು ನಿಮಿಷ ಅವರು ಷರಾಗಳನ್ನು ಓದಿದರು. ಆಮೇಲೆ ಕಚೇರಿಗಳಲ್ಲಿ ಆಗುವಂಥ ರಾಜಿಯಾಯಿತು. ಗುಂಡಿ ಬಿದ್ದಿರುವ ಎರಡೂವರೆ ಎಕರೆಗೆ ನೀಲಗಿರಿ, ಉಳಿದದ್ದು ಇದ್ದ ಹಾಗೆ. ಈ ವರದಿ ಬರೆದವರು ಯಾರು ಎಂದು ಸಾಹೇಬರು ಏಳುವ ಮುಂಚೆ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು, ಕೇಂದ್ರದ ವರದಿ ಅಂದರೆ ನನ್ನದೇ ಎಂದುಬಿಟ್ಟರು. ಅವರ ಕಡತಕ್ಕೆ ಒಂದು ಎಚ್ಚರಿಕೆ ಪತ್ರ ಸೇರಿತೆಂದೂ, ಮುಂದಿನ ವರ್ಷ ಬರಬೇಕಿದ್ದ ಬಡ್ತಿ ಅದರಿಂದ ಬರಲಿಲ್ಲವೆಂದೂ ನನಗೆ ತಿಳಿದದ್ದು ಅವರು ನಿವೃತ್ತರಾದ ಮೇಲೆ, ಅದೂ ಬೇರೆಯವರ ಬಾಯಿಂದ. ಅವರ ಮನೆಗೆ ಓಡಿ ಹೋಗಿ ಕೇಳಿದರೆ, ಮೇಲೆ ಹೋಗಿದ್ದರೆ ಕಚೇರಿಯಲ್ಲಿ ಕೂರಬೇಕಾಗಿತ್ತು, ಒಳ್ಳೆಯದೇ ಆಯಿತು ಎಂದರು. ಅವರು ಹಾಗೆ ಹೇಳಿದ್ದು ನಿಜವೋ, ನನ್ನ ಸಮಾಧಾನಕ್ಕೋ ಎಂದು ಈಗಲೂ ನನಗೆ ಗೊತ್ತಿಲ್ಲ.

ಉಳಿದ ಮೂರೂವರೆ ಎಕರೆಯಿಂದ ನನ್ನ ಪ್ರಬಂಧ ಮುಗಿಯಿತು. ಅವರು ನಿವೃತ್ತರಾದಾಗ ಸ್ಟೇಷನ್ ನನ್ನ ಕೈಗೆ ಬಂತು. ಬೀಗದ ಕೈ ಕೊಡುವಾಗ ಅವರು ಉಪದೇಶವನ್ನೇನೂ ಮಾಡಲಿಲ್ಲ. ಸುತ್ತು ಎಡದಿಂದ ಶುರುಮಾಡು, ಬಲಗಡೆ ಟಿಟ್ಟಿಭ ಮೊಟ್ಟೆ ಇಟ್ಟಿದೆ ಎಂದರು.

ಆಮೇಲೆ ವಾರಕ್ಕೊಮ್ಮೆ ನಾನು ಅವರ ಮನೆಗೆ ಹೋಗುತ್ತಿದ್ದೆ. ಅವರಿಗೆ ಎದೆ ಬೇನೆ ಶುರುವಾಗಿ ಬಸ್ಸಿನ ಪ್ರಯಾಣ ನಿಂತಿತ್ತು. ಒಳಗೆ ಹೋದೊಡನೆ ಕುಶಲ ಗಿಶಲ ಏನೂ ಇಲ್ಲ, “ಇವತ್ತು ನೋಡಿದ್ಯಾ?” ಎನ್ನುವುದೇ ಮೊದಲ ಮಾತು. ನಾನು ಕಂಡದ್ದನ್ನು ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಆ ಕಾಲುದಾರಿಯಲ್ಲಿ ನನ್ನ ಹಿಂದೆಯೇ ಬರುತ್ತಿದ್ದರು. ಬಂಡೆ ದಾಟಿದ ಮೇಲೆ ಕಾರೆ ಗಿಡ ಇತ್ತಲ್ಲ, ಅದನ್ನು ಬಿಟ್ಟೆಯಲ್ಲ ಎಂದು ನಡುವೆ ತಡೆಯುತ್ತಿದ್ದರು.

ಆದರೆ ಮೇಲ್ವಿಚಾರಕಿ ಎನ್ನಿಸಿಕೊಂಡ ಮೇಲೆ ನನ್ನ ಕಾಲು ಕಚೇರಿಯ ಕಡೆಗೇ ಹೆಚ್ಚು ನಡೆಯತೊಡಗಿತ್ತು. ಒಂದು ಗುರುವಾರ ಇಡೀ ದಿನ ಮೀಟಿಂಗಿನಲ್ಲಿ ಕಳೆದು, ಸಂಜೆ ನೇರ ಅವರ ಮನೆಗೆ ಹೋದೆ. ಅವರು ವರಾಂಡದ ಕುರ್ಚಿಯಲ್ಲಿದ್ದರು, ತುಂಬಾ ಸೊರಗಿದ್ದರು. ಇವತ್ತು ನೋಡಿದೆಯಾ ಎಂದರು. ಆ ಮುಖಕ್ಕೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನೋಡಿದೆ ಸಾರ್ ಎಂದೆ. ಬೇಲಿಯ ಬುಡದಲ್ಲಿ ಗೌರಿಹೂವಿನ ಬಳ್ಳಿ ಮತ್ತೆ ಚಿಗುರಿ ಒಂದು ಹೂ ಬಿಟ್ಟಿದೆ ಎಂದೂ ಕಟ್ಟಿ ಹೇಳಿದೆ.

ಅವರು ನನ್ನ ಸೀರೆಯ ಅಂಚನ್ನು ನೋಡಿದರು. ಕಚೇರಿಯ ಕುರ್ಚಿಯಲ್ಲಿ ಕೂತು ಬಂದ ಸೀರೆ, ಇಸ್ತ್ರಿಯ ಮಡಿಕೆ ಕೂಡ ಕದಲಿರಲಿಲ್ಲ.

“ಒಂದೂ ಬೀಜ ಇಲ್ವಲ್ಲಮ್ಮ” ಎಂದರು.

ಬೈದಿದ್ದರೆ ಸಹಿಸಬಹುದಿತ್ತು. ಅವರು ಮೆಲ್ಲಗೆ ನಕ್ಕರು, ಕಾಫಿ ಕುಡಿದು ಹೋಗು ಎಂದರು. ನಾನು ತಲೆ ತಗ್ಗಿಸಿ ಕುಡಿದು ಎದ್ದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಹೋದೆ. ಎಡದಿಂದ ಶುರುಮಾಡಿ ಇಡೀ ಸುತ್ತು ಹಾಕಿದೆ, ಬಂಡೆ, ಕಾರೆ ಗಿಡ, ಒಂದನ್ನೂ ಬಿಡದೆ. ಸೀರೆಯನ್ನು ಎತ್ತಿ ಸಿಕ್ಕಿಸಿಕೊಳ್ಳಲಿಲ್ಲ. ಬೇಕೆಂದೇ ಹುಲ್ಲಿಗೆ ತಾಗಿಸಿಕೊಂಡು ನಡೆದೆ. ನೀಲಗಿರಿಯ ಕಡೆಯಿಂದ ಒಂದು ಹಕ್ಕಿಯ ದನಿಯೂ ಇಲ್ಲ, ಈ ಕಡೆ ಬೇಲಿಯೊಳಗೆ ಗೌಜಲಹಕ್ಕಿ ಬಿಡದೆ ಕೂಗುತ್ತಿತ್ತು. ಗೌರಿಹೂ ಇರಲಿಲ್ಲ. ಇರಲಿಲ್ಲ ಎಂದೇ ಅವರಿಗೆ ಹೇಳಬೇಕೆಂದುಕೊಂಡು ಮಧ್ಯಾಹ್ನದ ಹೊತ್ತಿಗೆ ಜಯನಗರಕ್ಕೆ ಬಂದೆ. ಅವರ ಗೇಟಿನ ಹೊರಗೆ ಹತ್ತಾರು ಜೊತೆ ಚಪ್ಪಲಿಗಳಿದ್ದವು.

ಬೆಳಗಿನ ಜಾವವೇ ಹೋಗಿಬಿಟ್ಟಿದ್ದರು. ಒಳಗೆ ಹೋಗಿ ಅವರ ಕಾಲು ಮುಟ್ಟಿ ಬಂದೆ. ವರಾಂಡದಲ್ಲಿ ಅವರ ಹೆಂಡತಿ ಗೋಡೆಗೊರಗಿ ಕೂತಿದ್ದರು. ನನ್ನ ಮುಖ ನೋಡಲಿಲ್ಲ, ಸೀರೆಯ ಅಂಚನ್ನೇ ನೋಡಿದರು. ಉತ್ತರಾಣಿ, ಊಬು, ಹೆಸರಿಲ್ಲದ ಅಂಟುಕಾಳು, ಒಂದು ಗೇಣಿನ ತುಂಬ ಬೀಜ.

“ನೋಡ್ಕೊಂಡ್ ಬಂದ್ಯಾ?” ಎಂದರು.

“ನೋಡ್ಕೊಂಡ್ ಬಂದೆ ಅಮ್ಮ.”

ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ಬಿಡಿಸತೊಡಗಿದೆ. ಕಣ್ಣು ಮಂಜಾಗಿ ಬೆರಳಿಗೆ ಸಿಕ್ಕಿದ್ದು ಅಂಗೈಗೆ ಹತ್ತದೆ ಜಾರುತ್ತಿತ್ತು. ಅಮ್ಮ ಎದ್ದು ಕಿಟಕಿಯ ಹತ್ತಿರ ಹೋಗಿ ಏನನ್ನೋ ತಂದು ನನ್ನ ಮಡಿಲಿಗೆ ಹಾಕಿದರು. ಪೊಟ್ಟಣಕ್ಕೆಂದು ಅಳತೆಗೆ ಹರಿದ ಪತ್ರಿಕೆಯ ತುಂಡು. ಬಸ್ಸು ಹತ್ತುವುದು ನಿಂತು ಎರಡು ವರ್ಷವಾಗಿದ್ದರೂ ಸಾರ್ ಹರಿದು ಹರಿದು ಅಲ್ಲಿ ಇಡುತ್ತಲೇ ಇದ್ದರಂತೆ.